ಲಾಗಿನ್ ಅವಧಿಯ ಗಡುವು: ಒಂದು ಹಿನ್ನೋಟ

ಟಿಮ್ ಬರ್ನರ್ಸ್-ಲೀ 1990ರ ಸುಮಾರಿಗೆ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ರೂಪಿಸಿದ ಎಚ್‌ಟಿಟಿಪಿ, ಅಂದರೆ ಬ್ರೌಸರ್ ಪುಟವನ್ನು ಕೇಳಿ ಸರ್ವರ್ ಅದನ್ನು ಒದಗಿಸುವ ಕ್ರಮ, ಕೇಳಿದವರ ನೆನಪನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಸಂಶೋಧನಾ ಬರಹಗಳ ವಿನಿಮಯಕ್ಕೆ ಇದರಿಂದ ಯಾವ ತೊಡಕೂ ಇರದಿದ್ದರೂ ವ್ಯಾಪಾರಕ್ಕೆ ಇಂಥ ಮರೆವು ಒಗ್ಗುವಂತಿರಲಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ, ಸರ್ವರ್ ಕೊಟ್ಟ ಸಣ್ಣ ಗುರುತನ್ನು ಬ್ರೌಸರ್ ತನ್ನಲ್ಲಿಟ್ಟುಕೊಂಡು ಪ್ರತಿ ಕೋರಿಕೆಯೊಂದಿಗೂ ಹಿಂದಿರುಗಿಸುವ ‘ಕುಕಿ’ ಎಂಬ ಏರ್ಪಾಡನ್ನು ತಂದರು.

ಲಾಗಿನ್ ಆದವರ ವಿವರಗಳನ್ನು ಸರ್ವರಿನಲ್ಲಿಟ್ಟು, ಕುಕಿಯಲ್ಲಿ ಅವುಗಳ ಗುರುತುಸಂಖ್ಯೆಯನ್ನು ಮಾತ್ರ ಇಡುವ ಪದ್ಧತಿ ಬೆಳೆದದ್ದು ಈ ತಳಹದಿಯ ಮೇಲೆ. ಹೀಗೆ ನೆನಪು ಉಳಿಯುವ ಅವಧಿಯೇ ‘ಸೆಷನ್’. ಬಳಕೆದಾರ ಲಾಗೌಟ್ ಮಾಡದೆ ಎದ್ದು ಹೋದರೆ ಅದು ಸರ್ವರಿಗೆ ತಿಳಿಯುವುದಿಲ್ಲವಾದ್ದರಿಂದ, ಇಷ್ಟು ಹೊತ್ತು ಸದ್ದಿಲ್ಲದಿದ್ದರೆ ಹೋದನೆಂದೇ ಲೆಕ್ಕ ಎಂಬ ಊಹೆ ಅನಿವಾರ್ಯವಾಯಿತು. ಆ ಹೊತ್ತು ಎಷ್ಟೆಂಬುದರಲ್ಲಿ ಒಮ್ಮತವಿರಲಿಲ್ಲ: ಜಾಲತಾಣಗಳನ್ನು ಕಟ್ಟಿ ನಡೆಸುವ ತಂತ್ರಾಂಶಗಳ ಪೈಕಿ ಎಎಸ್‌ಪಿ ಡಾಟ್ ನೆಟ್‌ನಲ್ಲಿ 20 ನಿಮಿಷ, ಟಾಮ್‌ಕ್ಯಾಟ್‌ನಲ್ಲಿ 30, ಪಿಎಚ್‌ಪಿಯಲ್ಲಿ 1440 ಸೆಕೆಂಡು, ಎಂದರೆ 24 ನಿಮಿಷ. ಪಿಎಚ್‌ಪಿಯ ಗಡುವಾದರೋ ಕರಾರುವಾಕ್ಕಾದುದೇ ಅಲ್ಲ. ಅದರ ಮೂಲ ಹೊಂದಿಕೆಯಲ್ಲಿ ಹಳೆಯ ಸೆಷನ್‌ಗಳನ್ನು ಗುಡಿಸುವ ಕೆಲಸ ಸರಾಸರಿ ನೂರು ಸೆಷನ್ ಆರಂಭಗಳಿಗೊಮ್ಮೆ ನಡೆಯುವುದರಿಂದ, ಜನಸಂಚಾರ ಕಡಿಮೆಯಿರುವ ತಾಣದಲ್ಲಿ ಗಡುವು ಮೀರಿದ ಸೆಷನ್ ಕೂಡ ಕೆಲಕಾಲ ಬದುಕಿರಬಹುದು. ಭದ್ರತೆಯ ಲೆಕ್ಕಾಚಾರಕ್ಕಿಂತ ಜಾಗ ಉಳಿಸುವ ಗೃಹಕೃತ್ಯವೇ ಇಲ್ಲಿ ಎದ್ದು ಕಾಣುತ್ತದೆ.

ಕದ್ದ ಕುಕಿಯಿಂದ ಪಾಸ್‌ವರ್ಡ್ ಇಲ್ಲದೆಯೇ ಬೇರೊಬ್ಬರ ಖಾತೆಯನ್ನು ಹೊಗಬಹುದೆಂಬುದು ಮನವರಿಕೆಯಾದಂತೆ ಗಡುವಿಗೆ ಭದ್ರತೆಯ ಸಮರ್ಥನೆಯೂ ದೊರೆಯಿತು. ಪಾವತಿ ಕಾರ್ಡುಗಳ ಪಿಸಿಐ ಮಾನದಂಡವು 15 ನಿಮಿಷ ನಿಷ್ಕ್ರಿಯವಾಗಿದ್ದ ಸೆಷನ್‌ಗೆ ಮರುಲಾಗಿನ್ ಬೇಕೆಂದು ವಿಧಿಸಿತು. ಆದರೆ ಉದ್ದನೆಯ ಅರ್ಜಿಯನ್ನು ತುಂಬಿ ಕೊನೆಯ ಗುಂಡಿ ಒತ್ತಿದಾಗ ಲಾಗಿನ್ ಪುಟ ಎದುರಾಗಿ, ಬರೆದದ್ದೆಲ್ಲ ಅಳಿದುಹೋಗುವ ಸಂಕಷ್ಟ ಬಳಕೆದಾರರ ಪಾಲಿಗೇ ಉಳಿಯಿತು. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಸುಗಮ ಬಳಕೆಯ ಮಾರ್ಗಸೂಚಿ ಇದನ್ನು ಗಮನಕ್ಕೆ ತೆಗೆದುಕೊಂಡಿತು. ಗಡುವನ್ನು ವಿಸ್ತರಿಸಿಕೊಳ್ಳಲು ಅವಕಾಶ ಕೊಡುವ ತಾಣವು ಮುಂಚಿತವಾಗಿ ಎಚ್ಚರಿಸಿ ಕನಿಷ್ಠ 20 ಸೆಕೆಂಡು ಬಿಡಬೇಕೆಂಬುದನ್ನು ಅದು ‘ಎ’ ಎಂಬ ಮೂಲ ಹಂತದಲ್ಲಿಟ್ಟಿತು. ಮರುಲಾಗಿನ್ ಆದವರಿಗೆ ತುಂಬಿದ ವಿವರಗಳು ಹಾಗೆಯೇ ಸಿಗಬೇಕೆಂಬ ನಿಯಮವನ್ನು ಮಾತ್ರ, ಬಹುತೇಕ ತಾಣಗಳು ಗುರಿಯಾಗಿಸಿಕೊಳ್ಳದ ‘ಎಎಎ’ ಹಂತಕ್ಕೆ ಸೇರಿಸಿತು.