ತೀರ್ಪು: ತೀರಿದ್ದು, ತೀರದ್ದು

ಮುಂಬಯಿ ಪಕ್ಕದ ಠಾಣೆ, ಕಲ್ಯಾಣದ ಕೋರ್ಟುಗಳ ಅಂಗಳದಲ್ಲಿ ಕನ್ನಡದವರು ಒಬ್ಬರನ್ನೊಬ್ಬರು ‘ನಿಕಾಲು ಬಂತೇನು?’ ಎಂದು ಕೇಳುವುದುಂಟು. ನಿಕಾಲ್ ಮರಾಠಿಯ ದಿನಬಳಕೆಯ ಮಾತು. ಅದೇ ಸುದ್ದಿ ಕನ್ನಡ ಪತ್ರಿಕೆಗೆ ಬಂದಾಗ ‘ತೀರ್ಪು’ ಆಗುತ್ತದೆ. ಭಾನುವಾರ ಕನ್ನಡದಲ್ಲಿ ಆರಾಧನೆಗೆ ಕೂಡುವ ಕ್ರೈಸ್ತ ಮನೆತನಗಳಿಗೆ ಈ ಪದ ಇನ್ನೂ ದೊಡ್ಡ ನ್ಯಾಯಾಲಯವೊಂದರದ್ದು. ಸತ್ಯವೇದದ ‘ನ್ಯಾಯತೀರ್ಪಿನ ದಿನ’ ಎಂಬ ಮಾತು ಅವರಲ್ಲಿ ಹಿರಿಯರಿಗೂ ಮಕ್ಕಳಿಗೂ ಗೊತ್ತು. ಪ್ರೀತಿಸುವ ದೇವರು ಅದೇ ಕೈಯಲ್ಲಿ ತೀರ್ಪನ್ನೂ ಕೊಡುವುದು ಹೇಗೆ ಎಂಬುದು ಕ್ರೈಸ್ತ ವಿಶ್ವಾಸದ ಅತಿ ಕಷ್ಟದ ಪ್ರಶ್ನೆ. ಕನ್ನಡದ ಈ ಎರಡಕ್ಷರದ ಪದ ಆ ಪ್ರಶ್ನೆಗೆ ಮಿಕ್ಕ ಭಾಷೆಗಳಿಗೆ ಸುಲಭವಾಗಿ ಸಿಗದ ಒಂದು ದಾರಿ ತೆರೆದಿದೆ ಎಂದು ನಾನು ನಂಬುತ್ತೇನೆ.

ತೀರ್ಪಿನ ತಾಯಿಬೇರು ‘ತೀರ್’. ಮುಗಿ, ಬಗೆಹರಿ, ಸಂದಾಯವಾಗು ಎಂದು ಅದರ ಅರ್ಥ. ತಮಿಳಿನ ತೀರ್ಪ್ಪು, ಮಲಯಾಳದ ತೀರ್ಪ್ಪ್, ತೆಲುಗಿನ ತೀರ್ಪು ಎಲ್ಲವೂ ಈ ಬೇರಿನವೇ. ಆದರೆ ಕನ್ನಡಿಗರು ಈ ಧಾತುವನ್ನು ಕೋರ್ಟಿಗಿಂತ ಮನೆಯಲ್ಲೇ ಹೆಚ್ಚು ದುಡಿಸಿಕೊಂಡಿದ್ದಾರೆ. ಸಾಲ ತೀರುತ್ತದೆ, ಹರಕೆ ತೀರುತ್ತದೆ, ದಾಹ ತೀರುತ್ತದೆ. ಸೇಡನ್ನೂ ತೀರಿಸಿಕೊಳ್ಳುತ್ತಾರೆ. ಮನೆಯ ಹಿರಿಯರು ಹೋದರೆ ‘ತೀರಿಕೊಂಡರು’ ಎನ್ನುತ್ತೇವೆ. ದಕ್ಷಿಣ ಕನ್ನಡದಲ್ಲಿ ಭೂಕಂದಾಯಕ್ಕೆ ‘ತೀರ್ವೆ’ ಎಂಬ ಹೆಸರಿದೆ. ಡೊಂಬಿವಲಿಯಲ್ಲಿ ನೆಲೆಸಿದ ತುಳುವರ ಮನೆಗೆ ಹೋದರೆ ‘ತೀರುಜಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ನನ್ನಿಂದಾಗದು ಎಂದರ್ಥ. ಕನ್ನಡದ ‘ಹೇಳತೀರದು’ ಎಂಬುದರಲ್ಲೂ ಇದೇ ಅರ್ಥ ಉಳಿದಿದೆ. ಮುಗಿಸುವ ಶಕ್ತಿ ಇದ್ದರೆ ತೀರುತ್ತದೆ, ಇಲ್ಲದಿದ್ದರೆ ತೀರದು. ಹೀಗೆ ಸಾಲ, ಸಾವು, ಸೇಡು, ಶಕ್ತಿ ಎಲ್ಲವನ್ನೂ ಸುತ್ತಿ ಬಂದ ಮೇಲೆಯೇ ಈ ಧಾತು ನ್ಯಾಯಾಧೀಶರ ಮೇಜಿಗೆ ಒಗ್ಗಿತು ಎಂದು ನನಗೆ ತೋರುತ್ತದೆ. ಜಗಳವನ್ನು ಮುಗಿಸುವುದೇ ತೀರ್ಪು.

ಪಕ್ಕದ ಮನೆಯ ಮರಾಠಿಯ ದಾರಿ ಬೇರೆ. ಅಲ್ಲಿ ತೀರ್ಪಿಗೆ ‘ನಿವಾಡಾ’ ಎಂಬ ಪದವೂ ಇದೆ. ಅದು ‘ನಿವಡಣೇ’ ಎಂಬ ಕ್ರಿಯಾಪದದ ಕುಲದ್ದು. ಆರಿಸು, ಬೇರ್ಪಡಿಸು ಎಂದರ್ಥ. ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೂ ಅದೇ ಮಾತು. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಕ್ರಿಸಿಸ್’ ಕೂಡ ಹೀಗೇ ‘ಕ್ರಿನೇನ್’, ಅಂದರೆ ಬೇರ್ಪಡಿಸು ಎಂಬುದರಿಂದ ಬಂದದ್ದು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕುರುಬ ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವಂತೆ ಅರಸನು ಜನರನ್ನು ಬೇರೆ ಮಾಡುತ್ತಾನೆ. ಹಸಿದವರಿಗೆ ಊಟ ಕೊಟ್ಟವರು, ಸೆರೆಯಲ್ಲಿದ್ದವರನ್ನು ನೋಡಹೋದವರು ಒಂದು ಕಡೆ, ಕೊಡದವರು, ಹೋಗದವರು ಇನ್ನೊಂದು ಕಡೆ. ಮರಾಠಿ ಕಿವಿಗೆ ಈ ಚಿತ್ರ ಪದದಲ್ಲೇ ಕೇಳಿಸುತ್ತದೆ. ಕನ್ನಡ ಕಿವಿಗೆ ‘ತೀರ್ಪು’ ಎಂದಾಗ ಮೊದಲು ಕೇಳಿಸುವುದು ಬೇರ್ಪಡಿಕೆಗಿಂತ ಮುಕ್ತಾಯ.

ಈ ಪದ ಕ್ರೈಸ್ತ ಪುಸ್ತಕಗಳಿಗೆ ಸೇರಿದ ಕಾಲ ನಮಗೆ ದೂರದ್ದೇನೂ ಅಲ್ಲ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಪೂರ್ತಿ ಕನ್ನಡ ಸತ್ಯವೇದ ಸಿದ್ಧವಾದದ್ದು 1831ರಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮುಂದೆ ಅದರ ಪರಿಷ್ಕರಣೆಯಲ್ಲಿ ಕೈಜೋಡಿಸಿದರು. ಅದೇ ಮಿಶನ್ನಿನ ಕಿಟ್ಟೆಲ್ ತಮ್ಮ ಕನ್ನಡ ನಿಘಂಟನ್ನು 1894ರಲ್ಲಿ ಹೊರತಂದರು. ಸಂಸ್ಕೃತದ ನ್ಯಾಯಕ್ಕೆ ಕನ್ನಡದ ತೀರ್ಪನ್ನು ಬೆಸೆದ ‘ನ್ಯಾಯತೀರ್ಪು’ ಕನ್ನಡ ಸತ್ಯವೇದದ ಖಾಯಂ ಪದವಾಯಿತು. ನ್ಯಾಯ ಎಂದಷ್ಟೇ ಬಿಟ್ಟಿದ್ದರೂ ಅರ್ಥಕ್ಕೆ ಕೊರತೆಯಾಗುತ್ತಿರಲಿಲ್ಲ. ತೀರ್ಪು ಸೇರಿದ್ದು ಎಷ್ಟು ಒಳ್ಳೆಯದಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ಠಾಣೆಯದೇ ಒಂದು ತೀರ್ಪಿನ ಕಥೆ ಹೇಳಬೇಕು. 1321ರ ಏಪ್ರಿಲ್‌ನಲ್ಲಿ ತೊಲೆಂತಿನೋದ ಥಾಮಸ್ ಮೊದಲಾದ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಈ ಊರಲ್ಲಿ ಕೊಲೆಯಾದರು. ಕೆಲವು ಕಾಲದ ನಂತರ ಇಲ್ಲಿಗೆ ಬಂದ ಪೋರ್ದೆನೋನೆಯ ಓದೋರಿಕ್ ಎಂಬ ಪ್ರವಾಸಿ ಸನ್ಯಾಸಿ ಅದನ್ನು ಬರೆದಿಟ್ಟಿದ್ದಾನೆ. ಅವರು ಇಳಿದುಕೊಂಡಿದ್ದ ಕ್ರೈಸ್ತ ಮನೆಯಲ್ಲಿ ಗಂಡಹೆಂಡಿರ ಜಗಳವಾಯಿತು. ಏಟು ತಿಂದ ಹೆಂಡತಿ ಖಾಜಿಯ ಬಳಿ ದೂರು ಕೊಟ್ಟಳು. ಸಾಕ್ಷಿ ಯಾರು ಎಂದಾಗ ಮನೆಯಲ್ಲಿದ್ದ ಸನ್ಯಾಸಿಗಳ ಹೆಸರು ಹೇಳಿದಳು. ಸಾಕ್ಷಿ ನುಡಿಯಲು ಹೋದವರನ್ನು ಖಾಜಿ ಅವರ ಧರ್ಮದ ಬಗ್ಗೆ ಪ್ರಶ್ನಿಸತೊಡಗಿದ. ಹೊಡೆತ ತಿಂದ ಹೆಂಗಸಿನ ದೂರು ಏನಾಯಿತೆಂಬುದು ಕಥೆಯಲ್ಲೇ ಕರಗಿಹೋಗುತ್ತದೆ, ಸಾಕ್ಷಿಗಳು ಅಪರಾಧಿಗಳಾಗುತ್ತಾರೆ. ಅವರ ಮೂಳೆಗಳನ್ನು ಓದೋರಿಕ್ ಚೀನಾದವರೆಗೆ ಹೊತ್ತೊಯ್ದ. ದೆಹಲಿಯ ಸುಲ್ತಾನ ಈ ಕೊಲೆಗಾಗಿ ಇಲ್ಲಿನ ಅಧಿಕಾರಿಗೆ ಮರಣದಂಡನೆ ಕೊಟ್ಟನೆಂದೂ ಓದೋರಿಕನ ಬರಹದಲ್ಲಿದೆ. ಸೇಡೇನೋ ತೀರಿತು. ಆದರೆ ನ್ಯಾಯ ಕೇಳಲು ಬಂದಿದ್ದ ಆ ಹೆಂಗಸಿನ ಮಟ್ಟಿಗೆ ಏನು ತೀರಿತು? ಮನುಷ್ಯರ ಕೈಯ ತೀರ್ಪು ಎಷ್ಟೋ ಸಲ ಹೀಗೆ ಏನನ್ನೂ ತೀರಿಸದೆ ಎದ್ದುಹೋಗುತ್ತದೆ. ಕೊನೆಯ ದಿನವೊಂದು ಇರಲೇಬೇಕೆಂದು ನೊಂದವರು ಹಂಬಲಿಸುವುದು ಇದಕ್ಕೇ. ನ್ಯಾಯತೀರ್ಪಿನ ದಿನವನ್ನು ಹೆದರಿಕೆಯ ದಿನವೆಂದಷ್ಟೇ ಬೋಧಿಸುವವರು ಈ ಹಂಬಲವನ್ನು ಮರೆತಿದ್ದಾರೆ ಎಂಬುದು ನನ್ನ ನೋವು.

ಶಿಲುಬೆಯ ಮೇಲೆ ಯೇಸು ಕೊನೆಯದಾಗಿ ಆಡಿದ ಮಾತನ್ನು ಯೋಹಾನನ ಸುವಾರ್ತೆ ಒಂದೇ ಪದದಲ್ಲಿ ದಾಖಲಿಸುತ್ತದೆ. ಗ್ರೀಕಿನಲ್ಲಿ ‘ತೆತೆಲೆಸ್ತಾಯ್’. ತಮಿಳಿನಲ್ಲಿ ಅದು ‘ಮುಡಿಂದದು’ ಆಯಿತು, ತೆಲುಗಿನಲ್ಲಿ ‘ಸಮಾಪ್ತಮೈನದಿ’, ಮರಾಠಿಯಲ್ಲಿ ‘ಪೂರ್ಣ ಝಾಲೇ ಆಹೇ’. ಕನ್ನಡದ ಮನೆಗಳು ತಲೆಮಾರುಗಳಿಂದ ಓದಿಕೊಂಡು ಬಂದ ಸತ್ಯವೇದದಲ್ಲಿ ಅದು ‘ತೀರಿತು’.

ಗ್ರೀಕಿನಲ್ಲಿ ತೀರ್ಪಿಗೂ ಈ ಮಾತಿಗೂ ನಂಟಿಲ್ಲ. ತಮಿಳು, ತೆಲುಗುಗಳಲ್ಲಿ ತೀರ್ಪೆಂಬ ಪದ ಇದ್ದೂ ಶಿಲುಬೆಯ ಮಾತಿಗೆ ಬೇರೆ ಪದ ಬಂತು. ಕನ್ನಡದಲ್ಲಿ ಮಾತ್ರ ದೇವರ ತೀರ್ಪು, ಪ್ರೀತಿಗಾಗಿ ಪ್ರಾಣ ಕೊಟ್ಟವನ ‘ತೀರಿತು’ ಒಂದೇ ಬೇರಿನಲ್ಲಿ ಸೇರಿಕೊಂಡವು. ತೀರ್ಪು ಬರುವ ಮೊದಲೇ ತೀರಿಸುವವನು ಬಂದುಹೋದ ಎಂಬ ವಿಶ್ವಾಸವನ್ನು ಕನ್ನಡ ಹೀಗೆ ವ್ಯಾಕರಣದಲ್ಲೇ ಇಟ್ಟುಕೊಂಡಿದೆ. ಇನ್ನೂ ಒಂದು ಸೊಗಸಿದೆ. ತೆತೆಲೆಸ್ತಾಯ್ ಎಂಬುದರ ಮೂಲವಾದ ‘ತೆಲೆಯೋ’ ಧಾತುವಿಗೆ ಮುಗಿಸು ಎಂಬ ಅರ್ಥದ ಜೊತೆಗೆ ತೆರಿಗೆ ಕಟ್ಟು ಎಂಬ ಅರ್ಥವೂ ಹೊಸ ಒಡಂಬಡಿಕೆಯಲ್ಲೇ ಇದೆ. ತೀರು, ತೀರ್ವೆಗಳ ಜೋಡಿಯೂ ಹೀಗೆಯೇ ಅಲ್ಲವೇ? ಆ ಕಾಲದಲ್ಲಿ ಸಾಲದ ರಸೀದಿಯ ಮೇಲೆ ತೆತೆಲೆಸ್ತಾಯ್ ಎಂದು ಬರೆಯುತ್ತಿದ್ದರು ಎಂದು ಉಪದೇಶಗಳಲ್ಲಿ ಹೇಳುತ್ತಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ಅದರ ಆಸರೆ ಈ ಪದಕ್ಕೆ ಬೇಕಾಗಿಯೂ ಇಲ್ಲ.

‘ಮುಯ್ಯಿ ತೀರಿಸು’ ಎಂಬ ಮಾತನ್ನೂ ಇಲ್ಲಿ ನೆನೆಯಬೇಕು. ಮದುವೆಯಲ್ಲಿ ಬಂದ ಉಡುಗೊರೆಗೆ ಪ್ರತಿಯಾಗಿ ಕೊಡುವುದೂ ಮುಯ್ಯಿ, ಹಗೆ ಸಾಧಿಸುವುದೂ ಮುಯ್ಯಿ. ರೋಮಾಪುರದವರಿಗೆ ಪೌಲನು ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ, ಮುಯ್ಯಿ ತೀರಿಸುವ ಕೆಲಸವನ್ನು ದೇವರಿಗೇ ಬಿಡಿರಿ ಎಂಬ ಬುದ್ಧಿಮಾತಿದೆ. ಶತ್ರು ಹಸಿದಿದ್ದರೆ ಊಟ ಕೊಡಿ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಹಗೆಯ ಮುಯ್ಯಿಯನ್ನು ಕೈಬಿಟ್ಟವನಿಗೆ ಉಡುಗೊರೆಯ ಮುಯ್ಯಿಯೊಂದೇ ಉಳಿಯುತ್ತದೆ.

ಮುಂದಿನ ಅಧ್ಯಾಯದಲ್ಲಿ ಪೌಲನು ತೆರಿಗೆಗೆ ಬರುತ್ತಾನೆ. ಕಂದಾಯ ಕಟ್ಟಿರಿ ಎನ್ನುವಾಗ ಅವನು ಬಳಸಿದ್ದು ಅದೇ ತೆಲೆಯೋ ಧಾತುವನ್ನು. ಯಾರಿಗೆ ಏನು ಸಲ್ಲಬೇಕೋ ಸಲ್ಲಿಸಿ, ಯಾರ ಸಾಲವನ್ನೂ ಉಳಿಸಿಕೊಳ್ಳಬೇಡಿ ಎಂದು ಹೇಳಿ, ಒಂದನ್ನು ಮಾತ್ರ ಪಟ್ಟಿಯಿಂದ ಹೊರಗಿಡುತ್ತಾನೆ: ಒಬ್ಬರನ್ನೊಬ್ಬರು ಪ್ರೀತಿಸುವ ಸಾಲ. ಮನೆಸಾಲದ ಕಂತು ಕಟ್ಟುತ್ತಾ ಬಾಳುವ ಡೊಂಬಿವಲಿ, ನವಿ ಮುಂಬಯಿಯ ಕುಟುಂಬಗಳಿಗೆ ಸಾಲ ತೀರುವುದೆಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಪೌಲನು ಹೊರಗಿಟ್ಟ ಆ ಒಂದು ಸಾಲಕ್ಕೆ ಕನ್ನಡದಲ್ಲಿ ಹೆಸರು ಮೊದಲೇ ಸಿದ್ಧವಾಗಿತ್ತು: ತೀರದ ಋಣ.