ಮುಂಗಾಜಿನ ನೀರು ಎಲ್ಲಿ ಸೋರುತ್ತದೆ?

ಬೀದರ್ ನಗರ ನಿಂತಿರುವುದು ಲ್ಯಾಟರೈಟ್, ಅಂದರೆ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಅಲ್ಲಿಂದ ಭಾಲ್ಕಿಯ ಕಡೆಗೋ, ಮಾಂಜ್ರಾ ನದಿ ದಾಟಿ ಔರಾದ್ ಕಡೆಗೋ ಹೊರಟರೆ ಕೆಂಪು ನೆಲ ಹಿಂದುಳಿದು ಬಹುಪಾಲು ಕಪ್ಪು ಎರೆಭೂಮಿ ಎದುರಾಗುತ್ತದೆ. ಈ ದಾರಿಗಳಲ್ಲಿ ಕಾರು ಓಡಿಸುವವರಿಗೆ ಬೇಸಿಗೆಯ ಕೆಂಧೂಳು, ಕಬ್ಬು ಸಾಗಿಸುವ ಕಾಲದಲ್ಲಿ ಟ್ರಾಕ್ಟರ್ ಗಾಲಿಗಳಿಂದ ಉದುರಿದ ಎರೆಮಣ್ಣು, ಮೊದಲ ಮಳೆಹನಿಗೆ ಎರಡೂ ಕಲೆತ ಕೆಸರು ಚಿರಪರಿಚಿತ. ಮುಂದಿನ ಲಾರಿ ಎರಚಿದ ಕೆಸರು ಗಾಜಿನ ಮೇಲೆ ಬಿದ್ದಿದೆ, ಚಾಲಕ ನೀರಿನ ಗುಂಡಿ ಒತ್ತುತ್ತಾನೆ, ನೀರು ಬರುವುದಿಲ್ಲ. ವೈಪರ್ ಕೆಸರನ್ನು ಗಾಜಿನ ತುಂಬ ಬಳಿದುಬಿಡುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಕಾರು 3 ಸೆಕೆಂಡುಗಳಲ್ಲಿ 50 ಮೀಟರ್ ಕ್ರಮಿಸುತ್ತದೆ. ಅಷ್ಟು ದೂರ ಆತ ಕುರುಡನಂತೆಯೇ ಸಾಗಬೇಕು.

ಟ್ಯಾಂಕಿನಲ್ಲಿ ತುಂಬಿಸಿದ್ದ ನೀರು ಎಲ್ಲಿಗೆ ಹೋಯಿತು? ಇದಕ್ಕೆ ಉತ್ತರ ಹುಡುಕಲು ಈ ಪುಟ್ಟ ಸಾಧನದ ಇತಿಹಾಸವನ್ನು ನೋಡುವುದು ಉಪಯುಕ್ತ. ನೀರನ್ನು ತಳ್ಳುವ ವಿಧಾನ ಬದಲಾದಾಗಲೆಲ್ಲ ಸೋರುವ ಜಾಗವೂ ಬದಲಾಗಿದೆ.

ಮೊದಲು ಬಂದದ್ದು ವೈಪರ್. ಅಮೆರಿಕದ ಅಲಬಾಮಾ ರಾಜ್ಯದ ಮೇರಿ ಆ್ಯಂಡರ್ಸನ್ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮ ಕವಿದ ಗಾಜಿನಿಂದ ಟ್ರಾಮ್ ಚಾಲಕ ಪಡುತ್ತಿದ್ದ ಪಾಡನ್ನು ಕಂಡರು. ಒಳಗಿನಿಂದ ಕೈಯಲ್ಲಿ ತಿರುಗಿಸುವ, ರಬ್ಬರ್ ಅಂಚಿನ ತೋಳೊಂದನ್ನು ರೂಪಿಸಿ 1903ರ ನವೆಂಬರ್ 10ರಂದು ಪೇಟೆಂಟ್ ಪಡೆದರು. ಅದರಿಂದ ಅವರಿಗೆ ಹಣವೇನೂ ಬರಲಿಲ್ಲ. ಕಾರುಗಳು ಜನಪ್ರಿಯವಾಗುವ ಹೊತ್ತಿಗೆ ಪೇಟೆಂಟಿನ ಅವಧಿಯೇ ಮುಗಿದಿತ್ತು.

ನೀರು ಚಿಮ್ಮಿಸುವ ಸಾಧನ ಬರಲು ಮತ್ತೆ ಮೂರು ದಶಕಗಳು ಬೇಕಾದವು. ಇದೇಕೆ ಇಷ್ಟು ತಡ? ಮಳೆ ತನ್ನ ನೀರನ್ನು ತಾನೇ ತರುತ್ತದೆ, ಧೂಳು ತರುವುದಿಲ್ಲ. ವೇಗ ಕಡಿಮೆಯಿದ್ದಾಗ ಇಳಿದು ಬಟ್ಟೆಯಿಂದ ಒರೆಸಿದರೆ ಸಾಕಿತ್ತು. ವೇಗವೂ ವಾಹನಗಳ ಸಂಖ್ಯೆಯೂ ಹೆಚ್ಚಿದ ಮೇಲಷ್ಟೇ ಓಡುತ್ತಲೇ ಗಾಜು ತೊಳೆಯುವ ಅಗತ್ಯ ಕಂಡಿತೆಂದು ನನಗೆ ತೋರುತ್ತದೆ. ಬೀದರ್ ಜಿಲ್ಲೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ರೈಲ್ವೆ ಇಲಾಖೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿದ್ದು 1932ರಲ್ಲಿ. ಅಮೆರಿಕದ ಟ್ರೈಕೊ ಕಂಪೆನಿ ಗಾಜಿಗೆ ನೀರು ಚಿಮ್ಮಿಸುವ ಸಾಧನವನ್ನು ಮಾರುಕಟ್ಟೆಗೆ ತಂದದ್ದು ಅದೇ ದಶಕದ ಉತ್ತರಾರ್ಧದಲ್ಲಿ.

1950ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಚಾಲಕನ ಮುಂದೆ ಒಂದು ಕೈಪಂಪಿನ ಗುಂಡಿ ಇರುತ್ತಿತ್ತು. ಅದು ಬಾಟಲಿಯ ಮುಚ್ಚಳದ ಮೂಲಕ ಇಳಿಬಿಟ್ಟ ಕೊಳವೆಯಿಂದ ನೀರನ್ನು ಮೇಲಕ್ಕೆ ಹೀರುತ್ತಿತ್ತು. ಬಾಟಲಿಯ ತಳದಲ್ಲಿ ತೂತಿರಲಿಲ್ಲ, ಹಾಗಾಗಿ ತಳದಿಂದ ಸೋರುವ ಪ್ರಶ್ನೆಯೂ ಇರಲಿಲ್ಲ. ಸವೆಯುತ್ತಿದ್ದುದು ಪಂಪಿನ ರಬ್ಬರ್ ಪೊರೆ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಂತೂ 1960ರ ದಶಕದಲ್ಲಿ ಪಂಪೇ ಇಲ್ಲದ ಏರ್ಪಾಡು ಬಂತು. ನೀರಿನ ಟ್ಯಾಂಕನ್ನು ಹೆಚ್ಚುವರಿ ಚಕ್ರದ ಗಾಳಿಗೆ ಜೋಡಿಸಿದ್ದರು; ಆ ಗಾಳಿಯ ಒತ್ತಡವೇ ನೀರನ್ನು ಚಿಮ್ಮಿಸುತ್ತಿತ್ತು. ಒಂದು ಮಿತಿಗಿಂತ ಕೆಳಗೆ ಗಾಳಿ ಇಳಿಯದಂತೆ ತಡೆಯಲು ಕವಾಟವಿತ್ತು. ಇಲ್ಲಿ ಜೋಡಣೆ ಸಡಿಲವಾದರೆ ಸೋರುವುದು ನೀರಲ್ಲ, ಗಾಳಿ! ಪಂಕ್ಚರ್ ಆದ ದಿನ ಹೆಚ್ಚುವರಿ ಚಕ್ರವೂ ಮೆತ್ತಗಾಗಿರುವ ಅಪಾಯವಿತ್ತು.

ಇಂದಿನ ಕಾರುಗಳಲ್ಲಿರುವುದು 12 ವೋಲ್ಟಿನ ವಿದ್ಯುತ್ ಮೋಟಾರಿನಿಂದ ತಿರುಗುವ ಪುಟ್ಟ ಕೇಂದ್ರಾಪಗಾಮಿ ಪಂಪು. ಈ ಬಗೆಯ ಪಂಪು ಗಾಳಿ ತುಂಬಿದ್ದರೆ ನೀರನ್ನು ಎಳೆದುಕೊಳ್ಳಲಾರದು. ಹೊಲದ ಪಂಪಿಗೆ ಮೊದಲು ನೀರು ತುಂಬಿಸುವುದನ್ನು ನೀವು ನೋಡಿರಬಹುದು. ಆದ್ದರಿಂದ ಅದು ನೀರಿನ ಮಟ್ಟಕ್ಕಿಂತ ಕೆಳಗೇ ಇರಬೇಕು. ಅದಕ್ಕಾಗಿ ಟ್ಯಾಂಕಿನ ತಳದ ಹತ್ತಿರ ತೂತು ಮಾಡಿ, ರಬ್ಬರ್ ಉಂಗುರವೊಂದನ್ನು ಕೂರಿಸಿ, ಅದರೊಳಗೆ ಪಂಪನ್ನು ಒತ್ತಿ ಸೇರಿಸುತ್ತಾರೆ. ವರ್ಷಗಳ ಬಿಸಿಲಿಗೂ ಎಂಜಿನ್ನಿನ ಕಾವಿಗೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಕಡೆ ಇದು ಸಹಜ. ಕಾರು ನಿಂತಲ್ಲೇ ಟ್ಯಾಂಕು ಬರಿದಾಗುತ್ತಿದ್ದರೆ ಮೊದಲು ನೋಡಬೇಕಾದುದು ಈ ಉಂಗುರವನ್ನು.

ಬೀದರಿನ ನೌಬಾದ್ ಬಳಿ ಬಹಮನಿ ಕಾಲದ ಕರೇಜ್ ಇದೆ. ಆ ಸುರಂಗದಲ್ಲಿ ನೀರು ಯಾವ ಪಂಪೂ ಇಲ್ಲದೆ ಇಳಿಜಾರಿನಲ್ಲೇ ಹರಿದು ಬರುತ್ತದೆ. ಗುರುತ್ವ ಅಲ್ಲಿ ಗೆಳೆಯ. ಕಾರಿನಲ್ಲಿ ಅದರ ಕೆಲಸ ಉಲ್ಟಾ. ಟ್ಯಾಂಕು ಕೆಳಗೆ, ಚಿಮ್ಮುವ ಮೂತಿ ಮೇಲೆ ಇರುವುದರಿಂದ ಪಂಪು ನಿಂತೊಡನೆ ಕೊಳವೆಯ ನೀರು ಹಿಂದಕ್ಕೆ ಇಳಿಯಲು ನೋಡುತ್ತದೆ. ಅದನ್ನು ತಡೆಯಲು ಹಲವು ಕಾರುಗಳಲ್ಲಿ ಏಕಮುಖ ಕವಾಟವಿರುತ್ತದೆ. ಹಿಂಬದಿ ಗಾಜಿಗೆ ಹೋಗುವ ಕೊಳವೆ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗೆ ಎಲ್ಲಾದರೂ ಹರಿದರೆ ಪಂಪು ಓಡದಿದ್ದರೂ ನೀರು ಪಂಪಿನ ಮೂಲಕವೇ ಇಳಿದು ಸೋರಿಹೋಗಬಹುದು. ಕಾರಿನೊಳಗಿನ ನೆಲಹಾಸು ಒದ್ದೆಯಾಗಿರುವುದು ಇದರ ಒಂದು ಸುಳಿವು.

ಪತ್ತೆ ಮಾಡುವುದು ಹೇಗೆ? ಮೊದಲು, ಸೋರಿದ್ದು ಯಾವ ನೀರೆಂದು ತಿಳಿಯಬೇಕು. ಎ.ಸಿ. ಹಾಕಿದ್ದ ಕಾರಿನಡಿ ತೊಟ್ಟಿಕ್ಕುವ ತಿಳಿನೀರು ಗಾಳಿಯ ತೇವ ಘನೀಭವಿಸಿ ಆದದ್ದು, ಅದು ದೋಷವಲ್ಲ. ಹಸಿರು ಅಥವಾ ಗುಲಾಬಿ ಬಣ್ಣದ ಜಿಗುಟು ದ್ರವವಾದರೆ ಅದು ಎಂಜಿನ್ ತಂಪಾಗಿಸುವ ಕೂಲೆಂಟ್. ತಕ್ಷಣ ಮೆಕಾನಿಕ್ ಬಳಿ ಹೋಗಬೇಕು. ಅನುಮಾನ ಉಳಿದರೆ ಟ್ಯಾಂಕಿನ ನೀರಿಗೆ ತುಸು ತಿನಿಸಿನ ಬಣ್ಣ ಬೆರೆಸಿ, ಕಾರಿನಡಿ ಹಳೆಯ ಪತ್ರಿಕೆ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದಕ್ಕೆ ಬಣ್ಣ ಹತ್ತಿದ್ದರೆ ಟ್ಯಾಂಕು ಅಥವಾ ಉಂಗುರ ಸೋರುತ್ತಿದೆ. ಕಾಗದ ಒಣಗಿದ್ದು, ಗುಂಡಿ ಒತ್ತಿದಾಗ ಮಾತ್ರ ಕೆಳಗೆ ನೀರು ಬಿದ್ದರೆ ಕೊಳವೆ ಜೋಡಣೆಯಿಂದ ಕಳಚಿದೆ, ಇಲ್ಲವೇ ಇಲಿ ಕಡಿದಿದೆ. ಸೀಳಿದ ತುದಿಯನ್ನು ಕತ್ತರಿಸಿ ಮತ್ತೆ ಸಿಕ್ಕಿಸಿದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ. ಟ್ಯಾಂಕೇ ಬಿರಿದಿದ್ದರೆ ಅಂಟು ಹಚ್ಚಿ ಫಲವಿಲ್ಲ. ಬಹುತೇಕ ಟ್ಯಾಂಕುಗಳು ಪಾಲಿಎಥಿಲೀನಿನವು. ಅದರ ಮೇಲ್ಮೈ ಶಕ್ತಿ ತೀರ ಕಡಿಮೆಯಾದ್ದರಿಂದ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲ. ಕಾಯಿಸಿ ಬೆಸೆಯಬೇಕು ಅಥವಾ ಟ್ಯಾಂಕು ಬದಲಾಯಿಸಬೇಕು.

ಕೆಲವೊಮ್ಮೆ ಸೋರುವಿಕೆಯ ಮೂಲ ಕಾರಣ ನೀರೇ. ಬಸಾಲ್ಟ್ ಬಂಡೆಯ ಬೋರ್‌ವೆಲ್ಲಿನ ಗಡಸು ನೀರು ಸೂಜಿಗಾತ್ರದ ಮೂತಿಯಲ್ಲಿ ಆವಿಯಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿದು ದಾರಿ ಮುಚ್ಚುತ್ತದೆ. ಹೋಗಲು ದಾರಿಯಿಲ್ಲದ ನೀರಿನ ಒತ್ತಡ ದುರ್ಬಲ ಜೋಡಣೆಯನ್ನು ಕಳಚುತ್ತದೆ. ಮೂತಿ ಬಿಡಿಸದೆ ಕೊಳವೆಯನ್ನಷ್ಟೇ ಸಿಕ್ಕಿಸಿದರೆ ವಾರದಲ್ಲಿ ಮತ್ತೆ ಕಳಚೀತು. ಕುದಿಸಿ ಆರಿಸಿ ಸೋಸಿದ ನೀರಿನಲ್ಲಿ ತಾತ್ಕಾಲಿಕ ಗಡಸುತನ ಇರದು. ಸೋಸಿದ ಮಳೆನೀರೂ ಒಳ್ಳೆಯದು. ನೀರು ಸೋರುತ್ತಿದೆಯೆಂದು ಬರಿಯ ವೈಪರ್ ಆಡಿಸುವುದಂತೂ ಬೇಡ. ರಸ್ತೆ ಧೂಳಿನ ಮರಳಿನಲ್ಲಿರುವ ಕ್ವಾರ್ಟ್ಸ್ ಗಾಜಿಗಿಂತ ಗಡುಸು. ಅದು ಗೀರುವ ಗೆರೆಗಳು ರಾತ್ರಿ ಎದುರಿನ ದೀಪದ ಬೆಳಕನ್ನು ಚದುರಿಸುತ್ತವೆ.

ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಮೆಥನಾಲ್ ಬೆರೆಸುವುದುಂಟು. ಅದು ವಿಷ, ಕಣ್ಣು ಕಳೆಯಬಲ್ಲದು. ನಮ್ಮ ಹವೆಗೆ ಅದರ ಅಗತ್ಯವೂ ಇಲ್ಲ. ಆದರೆ ಬರಿಯ ನೀರನ್ನು ತಿಂಗಳುಗಟ್ಟಲೆ ಬಿಡುವುದೂ ಸರಿಯಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಟ್ಯಾಂಕಿಗೆ ಗಾಜು ತೊಳೆಯುವ ದ್ರಾವಣ ಬೆರೆಸದೆ ಬರಿಯ ನೀರನ್ನು ಬಳಸುವುದಕ್ಕೂ ಲೀಜನೆಲ್ಲಾ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾಕ್ಕೂ ನಂಟಿರುವುದನ್ನು ಗುರುತಿಸಿತು. ಎಂಜಿನ್ನಿನ ಕಾವಿಗೆ ಬೆಚ್ಚಗಿರುವ ನಿಂತ ನೀರು ಆ ಜೀವಿಗೆ ಹಿತ. ಆದ್ದರಿಂದ ಸೋರುವಿಕೆ ಸರಿಪಡಿಸಲು ಟ್ಯಾಂಕು ಬಿಚ್ಚಿದಾಗಲೇ ಒಳಗಿನ ಪಾಚಿ, ಕೆಸರು ತೊಳೆದು, ಮೆಥನಾಲ್ ಇಲ್ಲದ ದ್ರಾವಣವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ ತುಂಬಬೇಕು.