ಜೀರ್ಣೋದ್ಧಾರವೂ ಶಾಸನರಕ್ಷಣೆಯೂ

ಬಸದಿಯ ನಿರ್ಮಾಣ, ಬಿಂಬಪ್ರತಿಷ್ಠೆ, ಶಾಸ್ತ್ರದಾನ ಇವು ಶ್ರಾವಕರಿಗೆ ಪರಂಪರೆಯಿಂದ ಬಂದ ಪುಣ್ಯಕಾರ್ಯಗಳು. ಇವುಗಳೊಡನೆ ನಮ್ಮ ಹಿರಿಯರು ಮತ್ತೊಂದು ಕಾರ್ಯವನ್ನೂ ನಡೆಸಿಕೊಂಡು ಬಂದರು. ದಾನದ ವಿವರ, ದಾನಿಯ ಹೆಸರು, ಗುರುಪರಂಪರೆ, ಕಾಲ ಇವೆಲ್ಲವನ್ನೂ ಕಲ್ಲಿನಲ್ಲಿ, ತಾಮ್ರಪಟದಲ್ಲಿ, ಓಲೆಗರಿಯಲ್ಲಿ ಬರೆದಿರಿಸುವುದೇ ಆ ಕಾರ್ಯ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಖ್ಯಾತಳಾದ ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿಗೆ ಲಕ್ಕುಂಡಿಯ 1007ರ ಶಾಸನ ಇಂದಿಗೂ ಸಾಕ್ಷಿಯಾಗಿ ನಿಂತಿದೆ.

ಒಂದು ಬರಹದ ಬೆಲೆ ಎಷ್ಟೆಂಬುದಕ್ಕೆ ಆದಿಕವಿ ಪಂಪನ ಚರಿತ್ರೆಯೇ ನಿದರ್ಶನ. ಕವಿಯ ತಾಯಿ ಅಬ್ಬಣಬ್ಬೆ, ತಮ್ಮ ಜಿನವಲ್ಲಭ ಇವರ ಪರಿಚಯ ನಾಡಿಗೆ ದೊರೆತದ್ದು ಇಂದಿನ ತೆಲಂಗಾಣದ ಕುರಿಕ್ಯಾಲದ ಬೆಟ್ಟದಲ್ಲಿರುವ ಬಂಡೆಯ ಬರಹದಿಂದ. ಆ ಬಂಡೆ ಕಲ್ಲುಗಣಿಯ ಪಾಲಾಗಿದ್ದರೆ ಆ ಮನೆತನದ ಕಥೆಯೂ ಪುಡಿಯಾಗುತ್ತಿತ್ತು.

ಶ್ರವಣಬೆಳಗೊಳದ ಶಾಸನಗಳ ಸಂಗ್ರಹಕಾರ್ಯವು ಇನ್ನೊಂದು ಪಾಠವನ್ನು ಕಲಿಸುತ್ತದೆ. ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶಾಸನಗಳು 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದುವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ ಈ ಸಂಖ್ಯೆ 573ಕ್ಕೆ ಏರಿತು. ಲಕ್ಷಾಂತರ ಯಾತ್ರಿಕರು ಕಂಡು ನಮಿಸಿದ ಕ್ಷೇತ್ರದಲ್ಲಿಯೇ ಇಷ್ಟೊಂದು ಬರಹಗಳು ಕಣ್ಣಿಗೆ ಬೀಳದೆ ಉಳಿದಿದ್ದುವೆಂದ ಮೇಲೆ, ಹಳ್ಳಿಹಳ್ಳಿಗಳ ಬಸದಿಗಳಲ್ಲಿ ಯಾರೂ ಓದದ ಅಕ್ಷರಗಳು ಇನ್ನೆಷ್ಟು ಇರಬಹುದು!

ಓಲೆಗರಿಯ ಗ್ರಂಥಗಳ ವಿಷಯದಲ್ಲಿ ಸಮಾಜವೇ ಮುಂದೆ ನಿಂತು ದುಡಿದಿದೆ. ಮೂಡುಬಿದಿರೆಯ ಭಂಡಾರದಲ್ಲಿ ಶತಮಾನಗಳ ಕಾಲ ರಕ್ಷಿತವಾದ ಧವಲಾದಿ ಸಿದ್ಧಾಂತಗ್ರಂಥಗಳ ಪ್ರತಿ ತೆಗೆಯುವ ಕಾರ್ಯ 19ನೆಯ ಶತಮಾನದ ಕೊನೆಯಲ್ಲಿ ಮೊದಲಾಯಿತು. ಹಳಗನ್ನಡ ಲಿಪಿಯನ್ನು ಬಲ್ಲ ಪಂಡಿತರು ವರ್ಷಗಟ್ಟಲೆ ಕುಳಿತು ಬರೆದರು. ಅದರ ಫಲವಾಗಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಲಾಸಹಿತ ಷಟ್ಖಂಡಾಗಮದ ಮೊದಲ ಸಂಪುಟವು ಹೊರಬಂದಿತು. ಮುಂದೆ ಒಟ್ಟು 16 ಸಂಪುಟಗಳಾದುವು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ, ಕಾರ್ಕಳ ಮೊದಲಾದ ಕಡೆಗಳ ತಾಡಪತ್ರ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿದರು. ಅದನ್ನು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠವು ಪ್ರಕಟಿಸಿತು.

ಗ್ರಂಥಗಳಿಗೆ ದೊರೆತ ಈ ಭಾಗ್ಯ ಕಲ್ಲಿನ ಬರಹಗಳಿಗೆ ಎಲ್ಲೆಡೆ ದೊರೆತಿಲ್ಲ. ಜೀರ್ಣೋದ್ಧಾರದ ಸದುದ್ದೇಶದಿಂದಲೇ ಹಾನಿಯಾಗುವುದೂ ಉಂಟು. ಗೋಡೆಗೆ ಬಳಿದ ಬಣ್ಣದ ಕೆಳಗೆ, ನೆಲಕ್ಕೆ ಹಾಸಿದ ಹೊಸ ಕಲ್ಲಿನ ಅಡಿಯಲ್ಲಿ ಶಾಸನ ಮುಚ್ಚಿಹೋಗುತ್ತದೆ. ಲೋಹಬಿಂಬಗಳನ್ನು ಹುಣಿಸೆಹುಳಿಯಿಂದ ತಿಕ್ಕಿ ತಿಕ್ಕಿ ಪೀಠದ ಅಕ್ಷರಗಳು ಸವೆಯುತ್ತವೆ. ಮುನಿಗಳ, ಶ್ರಾವಕಿಯರ ಸಲ್ಲೇಖನವನ್ನು ಸಾರುವ ನಿಷಿಧಿಗಲ್ಲು ಗುರುತಿಸುವವರಿಲ್ಲದೆ ಒಗೆಯುವ ಕಲ್ಲಾಗುತ್ತದೆ.

ಇದನ್ನು ತಡೆಯಲು ಅಪಾರ ಧನವೇನೂ ಬೇಕಿಲ್ಲ. ಕೆಲಸ ಆರಂಭಿಸುವ ಮೊದಲು ಬಸದಿಯ ಕಂಬ, ಪೀಠ, ಗಂಟೆ, ಬಿಂಬದ ಹಿಂಬದಿ ಇವೆಲ್ಲವನ್ನೂ ಪರೀಕ್ಷಿಸಿ ಛಾಯಾಚಿತ್ರ ತೆಗೆಯಿಸಬೇಕು. ಅಳತೆ, ಲಾಂಛನ, ಇರುವ ಸ್ಥಳ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅಕ್ಷರ ಕಂಡಲ್ಲಿ ಸುಣ್ಣ ಬಳಿಯದೆ, ತಾವೇ ಕೆರೆಯದೆ, ಶಾಸನತಜ್ಞರನ್ನು ಕರೆಸಬೇಕು. ಅವರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ಕಲ್ಲು ನಾಳೆ ಸವೆದರೂ ಪಾಠ ಉಳಿಯುತ್ತದೆ. ನೂರು ವರ್ಷ ಮೀರಿದ ಶಿಲ್ಪಗಳನ್ನೂ 75 ವರ್ಷ ಮೀರಿದ ಹಸ್ತಪ್ರತಿಗಳನ್ನೂ 1972ರ ಪುರಾವಸ್ತು ಕಾಯಿದೆಯು ತನ್ನ ರಕ್ಷಣೆಗೆ ಒಳಪಡಿಸಿದೆ. ಆದರೆ ಕಳುವಾದ ಬಿಂಬವು ನಮ್ಮದೆಂದು ಸಾಧಿಸಲು ಚಿತ್ರವೂ ಅಳತೆಯೂ ನಮ್ಮ ಕೈಯಲ್ಲಿರಬೇಕಲ್ಲವೆ?

ಊರಿನ ಅರ್ಚಕರಿಗೆ ಬಸದಿಯ ಮೂಲೆಮೂಲೆಯೂ ಗೊತ್ತು. ವೃದ್ಧರಿಗೆ ಪಾಳುಬಿದ್ದ ಬಸದಿಯ ನೆಲೆ ಗೊತ್ತು. ತರುಣರಿಗೆ ಬರೆದುಕೊಳ್ಳುವ ಶಕ್ತಿಯುಂಟು. ಈ ಮೂವರೂ ಕೂಡಿದರೆ ಪ್ರತಿ ಬಸದಿಗೂ ಒಂದು ಚರಿತ್ರೆಯ ಪುಸ್ತಕ ಸಿದ್ಧವಾದೀತು. ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಹೊಸ ದಾನಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುವಾಗ, ಹಿಂದಿನವರು ಕೆತ್ತಿಸಿದ ಹೆಸರುಗಳನ್ನು ಉಳಿಸುವ ಸಂಕಲ್ಪವನ್ನೂ ಸಮಾಜ ಕೈಗೊಳ್ಳಲಿ. ಅದೂ ಶಾಸ್ತ್ರದಾನವೇ.